ಬೋರ್ಡು ಬರೆಯುವವನು ನೀರಿಗಿಳಿದದ್ದು

ಹೊನ್ನಾಳಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಸೈಕಲ್ ಶಾಪಿಗೂ ಚಾದಂಗಡಿಗೂ ನಡುವೆ ನನ್ನದೊಂದು ಚಿಕ್ಕ ಅಂಗಡಿ ಇತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನಗೆ ಮೂವತ್ತೆರಡೋ ಮೂವತ್ತಮೂರೋ. ಅಂಗಡಿಗಳ ಬೋರ್ಡು, ಲಾರಿಯ ಹಿಂದಿನ ಬರಹ, ಬಸ್ಸಿನ ನೆತ್ತಿಯ ಮೇಲೆ ಊರಿನ ಹೆಸರು, ಎಲೆಕ್ಷನ್ ಬಂದರೆ ಎಲ್ಲಾ ಪಾರ್ಟಿಯವರ ಗೋಡೆಗಳು, ಹೀಗೆ ಕೈಗೆ ಬಿಡುವಿರಲಿಲ್ಲ. ನ್ಯಾಮತಿಯಿಂದ ಸವಳಂಗದವರೆಗೆ ನನ್ನ ಅಕ್ಷರ ಇಲ್ಲದ ಬೀದಿ ಇಲ್ಲ ಅಂತ ಚಾ ಕುಡಿಯುತ್ತ ಹೇಳಿಕೊಳ್ಳುತ್ತಿದ್ದೆ. ಬಣ್ಣದ ವಿಷಯದಲ್ಲಿ ನನಗೆ ಇನ್ನೇನೂ ಕಲಿಯುವುದು ಉಳಿದಿಲ್ಲ ಅನ್ನುವ ಜಂಬ ಆಗ ನನಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಒಂದು ಬೆಳಿಗ್ಗೆ ಹೆಣ್ಣುಮಕ್ಕಳ ಹೈಸ್ಕೂಲಿನ ಡ್ರಾಯಿಂಗ್ ಟೀಚರು ಶಾಲೆಗೆ ಹೊಸ ಬೋರ್ಡು ಬರೆಸಲು ಬಂದರು. ಐವತ್ತು ದಾಟಿದ ಹೆಂಗಸು. ದಪ್ಪ ಕನ್ನಡಕ, ಬಿಗಿಯಾದ ತುರುಬು, ಹೆಗಲಿಗೆ ಬಟ್ಟೆಯ ಚೀಲ. ಚನ್ನಗಿರಿ ಕಡೆಯ ಕೆರೆಬಿಳಚಿಯವರು, ಹೊನ್ನಾಳಿಗೆ ವರ್ಗವಾಗಿ ಬಂದು ಆರೇ ತಿಂಗಳಾಗಿತ್ತು. ಬೋರ್ಡಿನ ಅಳತೆ ಬರೆದ ಚೀಟಿಗಾಗಿ ಚೀಲದೊಳಗೆ ಕೈ ಹಾಕಿದಾಗ ಅಂಗೈಯಗಲದ ದಪ್ಪ ಹಾಳೆಯೊಂದು ಜಾರಿ ನನ್ನ ಮೇಜಿನ ಮೇಲೆ ಬಿತ್ತು.

ಅದರಲ್ಲಿ ನಮ್ಮ ಹೊಳೆ ಇತ್ತು. ಬೆಳಗಿನ ಹೊತ್ತಿನ ತುಂಗಭದ್ರೆ. ಆಚೆ ದಡ ಮಂಜಿನಲ್ಲಿ ಅರ್ಧ ಕಾಣಿಸಿ ಅರ್ಧ ಕಾಣಿಸದ ಹಾಗೆ, ಈಚೆ ಬಂಡೆಯ ಮೇಲೆ ಬಟ್ಟೆ ಒಗೆಯುವ ಇಬ್ಬರು, ನಡುವೆ ನೀರಿನ ಮೇಲೆ ಬಿಸಿಲು ಬಿದ್ದು ಚಿಲ್ ಚಿಲ್ ಅಂತ ಒಡೆದ ಬೆಳಕು. ಆ ಬೆಳಕು ನೋಡಿ ನನ್ನ ಕಣ್ಣು ಕಿರಿದಾಯಿತು.

"ಇದಕ್ಕೆ ಯಾವ ಕಂಪನಿ ಬಿಳಿ ಹಾಕೀರಿ?" ಅಂದೆ.

"ಬಿಳಿ ಹಾಕಿಲ್ಲ."

"ಹಾಕದೆ ಹೆಂಗೆ ಬಂತ್ರಿ?"

"ಬಿಟ್ಟೀನಿ," ಅಂದರು ಅವರು. "ಇದು ನೀರುಬಣ್ಣ. ಬಿಳಿ ಬೇಕಾದ ಕಡೆ ಹಾಳೆ ಮುಟ್ಟಬಾರದು. ಅಷ್ಟೇ."

ನಾನು ನಂಬಲಿಲ್ಲ. ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದೆ, ಓರೆ ಮಾಡಿ ನೋಡಿದೆ. ನಿಜವಾಗಿಯೂ ಅಲ್ಲಿ ಏನೂ ಇರಲಿಲ್ಲ. ಬರೀ ಕಾಗದ. ಹದಿನೈದು ವರ್ಷ ನಾನು ಬೋರ್ಡಿಗೆ ಮೊದಲು ಕಪ್ಪೋ ನೀಲಿಯೋ ಬಳಿದು, ಎಲ್ಲ ಮುಗಿದ ಮೇಲೆ ಕೊನೆಗೆ ಬಿಳಿಯ ಗೆರೆ ಎಳೆದು ಅಕ್ಷರಕ್ಕೆ ಮಿಂಚು ಕೊಡುತ್ತಿದ್ದವನು. ಇಲ್ಲಿ ಕೊನೆಯದು ಮೊದಲಿಗೆ ಬಂದಿತ್ತು. ಏನೂ ಮಾಡದೆ ಬಿಟ್ಟ ಜಾಗವೇ ಚಿತ್ರದ ಪ್ರಾಣವಾಗಿತ್ತು. ಹಾಳೆಯನ್ನು ಕೈಯಿಂದ ಬಿಡಲು ಮನಸ್ಸಾಗಲಿಲ್ಲ. ಇದೇನು ಚಿಕ್ಕ ಹುಡುಗರ ಹಾಗೆ ಅಂತ ನನಗೇ ನಾಚಿಕೆ.

"ಟೀಚರೇ, ಇದನ್ನ ನನಗೆ ಕಲಿಸಾಕೆ ಆಗ್ತೈತೇನ್ರಿ?"

ಅವರು ನಕ್ಕರು. ಭಾನುವಾರ ಬೆಳಿಗ್ಗೆ ಶಾಲೆಯ ಜಗುಲಿಯಲ್ಲಿ, ಸರ್ಕಾರದ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಹುಡುಗಿಯರಿಗೆ ಪಾಠ ಇರುತ್ತದೆ, ನಾಚಿಕೆ ಬಿಟ್ಟು ಬಂದು ಕೂರುವುದಾದರೆ ಬನ್ನಿ ಅಂದರು.

ಬಿಟ್ಟೆ. ಮುಂದಿನ ಭಾನುವಾರ ಲಂಗದಾವಣಿಯ ಎಂಟು ಹುಡುಗಿಯರ ಸಾಲಿನ ಕೊನೆಯಲ್ಲಿ, ಗಿರಿಜಾ ಮೀಸೆಯ ನಾನು ಚಕ್ಕಂಬಕ್ಕಲ ಹಾಕಿ ಕೂತೆ. ಹುಡುಗಿಯರು ಮೊದಲು ಒಬ್ಬರನ್ನೊಬ್ಬರು ಚಿವುಟಿಕೊಂಡು ನಕ್ಕರು. ಆಮೇಲೆ ಅವರಲ್ಲೇ ಚಿಕ್ಕವಳು, ಎರಡು ಜಡೆಯವಳು, "ಪೇಂಟರ್ ಮಾಮ, ಬ್ರಶ್ ಹಂಗೆ ಹಿಡಿಯಂಗಿಲ್ಲ" ಅಂದಳು. ಹದಿನೈದು ವರ್ಷ ಬ್ರಶ್ ಹಿಡಿದವನಿಗೆ ಆ ಮಾತು! ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ನಾನು ಗೋಡೆಗೆ ಒತ್ತುವ ಹಾಗೆ ಒತ್ತುತ್ತಿದ್ದೆ. ಹಾಳೆ ಅಷ್ಟು ಭಾರ ತಾಳುತ್ತಿರಲಿಲ್ಲ.

ಮೊದಲ ಪಾಠ ಆಕಾಶ. ಬರೀ ಆಕಾಶ. ಮೇಲೆ ಗಾಢ ನೀಲಿ, ಕೆಳಗಿಳಿದಂತೆ ತಿಳಿಯಾಗುತ್ತ ಹೋಗಬೇಕು. ಒಂದು ಹಕ್ಕಿಯೂ ಬೇಡ, ಒಂದು ಮೋಡವೂ ಬೇಡ. ಇದೇನು ಮಹಾ ಅಂದುಕೊಂಡೆ. ಹುಡುಗಿಯರೆಲ್ಲ ಹಲಗೆಯನ್ನು ಸ್ವಲ್ಪ ಓರೆಯಾಗಿಟ್ಟುಕೊಂಡು ನೀರು ತಾನೇ ಇಳಿಯುವ ಹಾಗೆ ಬಣ್ಣ ಎಳೆದರು. ನನ್ನ ಆಕಾಶ ಮಾತ್ರ ಪಟ್ಟೆ ಪಟ್ಟೆ. ಪಟ್ಟೆ ಅಳಿಸಲು ಮೇಲೆ ಇನ್ನೊಂದು ಸಲ ಬಳಿದೆ. ಕಲೆ ಆಯಿತು. ಕಲೆಯನ್ನು ಮುಚ್ಚಲು ಮತ್ತೆ ಬಳಿದೆ. ಹಾಳೆ ಮೈ ಬಿಟ್ಟು ಸಿಪ್ಪೆ ಸಿಪ್ಪೆಯಾಗಿ ಎದ್ದಿತು.

"ಕೈ ತಗೀರಿ ಪೇಂಟ್ರೇ! ಒಣಗಾಕೆ ಬಿಡ್ರಿ ಅದನ್ನ!" ಟೀಚರು ಆ ತುದಿಯಿಂದ ಕೂಗಿದರು. ಹತ್ತಿರ ಬಂದು ಹಾಳೆ ನೋಡಿ, "ನೀವು ತಪ್ಪು ಮಾಡಿದ್ದು ಒಂದು ಸಲ. ಮುಚ್ಚಾಕೆ ಹೋಗಿದ್ದು ನಾಲ್ಕು ಸಲ. ಇದರಾಗೆ ಮುಚ್ಚಾಕೆ ಬರಲ್ಲ," ಅಂದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬದಲಿಗೆ ಎಂಥದೋ ಹುರುಪು ಹತ್ತಿತು. ಹಿಂದೆ ಕುಸ್ತಿ ಕಲಿಯುವಾಗ, ನನಗಿಂತ ಸಣಕಲನೊಬ್ಬ ನನ್ನನ್ನು ಎತ್ತಿ ಒಗೆದಾಗ ಹೀಗೇ ಆಗಿತ್ತು. ಬಿದ್ದಲ್ಲಿಂದಲೇ ಅವನ ಕಾಲು ಹೇಗೆ ಬಂತು ಅಂತ ನೋಡುತ್ತಿದ್ದೆ.

ಮೂರು ವಾರ ಆಕಾಶದ ಜೊತೆ ಗುದ್ದಾಡಿದೆ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಹಿತ್ತಲಲ್ಲಿ ಕೂತು ಎರಡು ಆಕಾಶ, ಮಧ್ಯಾಹ್ನ ಊಟಕ್ಕೆ ಬಂದಾಗ ಒಂದು. ಎಲ್ಲವೂ ಪಟ್ಟೆ. ಒಂದು ದಿನ ಹೀಗೇ ಕೂತಿದ್ದಾಗ ನನ್ನ ಹೆಂಡತಿ ಪಕ್ಕದ ಒಗೆಯುವ ಕಲ್ಲಿನ ಬಳಿ ನನ್ನ ಬಿಳಿ ಪಂಚೆಗಳಿಗೆ ನೀಲಿ ಹಾಕುತ್ತಿದ್ದಳು. ಆಗೆಲ್ಲ ಬಿಳಿಬಟ್ಟೆ ಹಳದಿಯಾಗದಿರಲಿ ಅಂತ ಬಕೆಟ್ಟಿನ ನೀರಿಗೆ ಒಂದು ಚಿಟಿಕೆ ನೀಲಿಪುಡಿ ಕದಡಿ ಅದ್ದುತ್ತಿದ್ದರು. ಅವಳು ನನ್ನನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು ಅಂತ ಕಾಣುತ್ತದೆ.

"ರೀ, ಒಣ ಬಟ್ಟೇನ ಹಂಗೇ ನೀಲಿಗೆ ಹಾಕಿದ್ರೆ ಪಟ್ಟೆ ಪಟ್ಟೆ ಆಗದೆ ಇನ್ನೇನಾಗ್ತೈತೆ?" ಅಂದಳು.

"ಏನಂದೆ?"

"ಮೊದ್ಲು ಬರೇ ನೀರಿನಾಗೆ ಅದ್ದಿ ಹಿಂಡಿಕೋಬೇಕು. ಆಮೇಲೆ ನೀಲಿಗೆ ಹಾಕಬೇಕು. ಮತ್ತೆ ನೀಲಿ ಅಡಿಗೆ ಕೂತಿರ್ತೈತೆ, ಪ್ರತಿ ಸಲಾನೂ ಕದಡಬೇಕು. ನೀವು ಒಂದು ಸಲ ಕದಡಿ ಹತ್ತು ಸಲ ಅದ್ದತೀರಿ."

ನಾನು ಅವಳ ಮುಖ ನೋಡಿದೆ. ಅವಳು ಪಂಚೆ ಹಿಂಡಿ ತಂತಿಗೆ ಹಾಕಲು ಹೊರಟಳು. ಗಡಬಡಿಸಿ ಹೊಸ ಹಾಳೆ ತೆಗೆದು ಅಗಲ ಬ್ರಶ್ಶಿನಿಂದ ಬರೀ ನೀರು ಸವರಿದೆ. ಹಾಳೆ ನೀರು ಕುಡಿದು, ಮೇಲಿನ ಹೊಳಪು ಇಂಗುವ ತನಕ ಕಾದೆ. ಬಸಿಯಲ್ಲಿದ್ದ ನೀಲಿಯನ್ನು ಕದಡಿ ಮೇಲಿನಿಂದ ಒಂದು ಸಲ ಎಳೆದೆ. ಮತ್ತೆ ಕದಡಿ, ಸ್ವಲ್ಪ ನೀರು ಬೆರೆಸಿ, ಅದರ ಕೆಳಗೆ ಇನ್ನೊಂದು. ಮತ್ತೆ ಇನ್ನೊಂದು. ಹಲಗೆ ಓರೆ ಮಾಡಿದೆ. ಗೆರೆಗಳು ಒಂದರೊಳಗೊಂದು ಕರಗಿದವು. ನೋಡ ನೋಡುತ್ತಿದ್ದಂತೆ ಹಾಳೆಯ ಮೇಲೆ ಆಕಾಶ ಇಳಿದು ಬಂತು. ಪಟ್ಟೆ ಇಲ್ಲ, ಕಲೆ ಇಲ್ಲ. ನಮ್ಮ ಹಿತ್ತಲ ನುಗ್ಗೆಮರದ ಮೇಲೆ ಆ ಕ್ಷಣಕ್ಕೆ ಇದ್ದ ಆಕಾಶವೇ.

"ಬಂತು! ಲೇ, ಬಂತು ಬಾರೇ ಇಲ್ಲಿ!" ಅಂತ ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಬೇಲಿಗೆ ಬಂದು ಹಾವು ಬಂತೇನೋ ಅಂತ ಕೇಳಿದರು.

ಟೀಚರು ಇದನ್ನೇ ಮೊದಲ ದಿನ ಹೇಳಿದ್ದರಂತೆ. ಹುಡುಗಿಯರೆಲ್ಲ ಸಾಕ್ಷಿ ಹೇಳಿದರು. ನನಗೆ ಗೊತ್ತಿದೆ ಅನ್ನುವ ಗತ್ತಿನಲ್ಲಿ ನನ್ನ ಕಿವಿಗೆ ಹೋಗಿರಲಿಲ್ಲ. ಆದರೆ ನೀಲಿಪುಡಿಯ ಕಥೆ ಕೇಳಿ ಟೀಚರಿಗೆ ಎಷ್ಟು ಖುಷಿಯಾಯಿತೆಂದರೆ, ಅಂದು ಪಾಠ ಮುಗಿಸಿದವರೇ ನನ್ನ ಜೊತೆ ಮನೆಗೆ ಬಂದರು. ಒಗೆಯುವ ಕಲ್ಲಿನ ಮೇಲೆ ಕೂತು ನನ್ನ ಹೆಂಡತಿಯಿಂದ ಎಲ್ಲ ಇನ್ನೊಂದು ಸಲ ಹೇಳಿಸಿಕೊಂಡರು.

"ಅಮ್ಮಾ, ಇಪ್ಪತ್ತೈದು ವರ್ಷದಿಂದ ಕಲಿಸ್ತೀನಿ. ಹಿಂಗೆ ಹೇಳಾಕೆ ನನಗೆ ಹೊಳೆದಿರಲಿಲ್ಲ ನೋಡ್ರಿ," ಅಂದರು.

ಅವಳು ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ, ಬಟ್ಟೆ ಒಗೆಯೋರಿಗೆಲ್ಲ ಗೊತ್ತಿರೋದೇ ಬಿಡ್ರಿ," ಅಂತ ಒಳಗೆ ಹೋಗಿ ಮಂಡಕ್ಕಿ ಕಲಸಿಕೊಂಡು ಬಂದಳು. ಅಂದಿನಿಂದ ನನ್ನ ಪ್ರತಿ ಚಿತ್ರವೂ ಮೊದಲು ಅವಳ ಮುಂದೆ ಹೋಗಬೇಕಾಯಿತು. ಅವಳು ಬಹಳ ಮಾತಾಡುತ್ತಿರಲಿಲ್ಲ. "ಎಮ್ಮೆ ನೀರಿನಾಗೆ ಇಳಿದಿಲ್ಲ, ನೀರಿನ ಮೇಲೆ ಇಟ್ಟಂಗೈತೆ" ಅಂದರೆ ಆ ಚಿತ್ರದ ಕಥೆ ಮುಗಿಯಿತು ಅಂತಲೇ.

ಆಕಾಶ ಸಿಕ್ಕಮೇಲೆ ನನಗೆ ಹುಚ್ಚೇ ಹಿಡಿಯಿತು. ಕಂಡಿದ್ದೆಲ್ಲ ಹೊಸದಾಗಿ ಕಂಡಿತು. ಕೆಂಪು ಮಣ್ಣಿನ ರಸ್ತೆಯಲ್ಲಿ ಮರದ ನೆರಳು ಕಪ್ಪಲ್ಲ, ನೇರಳೆ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಭತ್ತದ ಗದ್ದೆಯ ಹಸಿರನ್ನು ಎಣಿಸಲು ಹೋಗಿ ಬಸ್ ತಪ್ಪಿಸಿಕೊಂಡೆ. ಎದುರಿಗೆ ಯಾರಾದರೂ ಮಾತಾಡುತ್ತಿದ್ದರೆ ಅವರ ಮೂಗಿನ ಪಕ್ಕದ ನೆರಳಿಗೆ ಏನು ಬೆರೆಸಬೇಕು ಅಂತ ಯೋಚಿಸುತ್ತ ನಿಲ್ಲುತ್ತಿದ್ದೆ.

ಇದರ ಫಲ ಸವಳಂಗದಲ್ಲಿ ಸಿಕ್ಕಿತು. ಅಲ್ಲಿ ಒಂದು ಬಟ್ಟೆ ಅಂಗಡಿಯ ಬೋರ್ಡು. ಏಣಿ ಹತ್ತಿ ಬರೆಯುತ್ತಿದ್ದೆ. ಎದುರಿನ ಸುಣ್ಣದ ಗೋಡೆಯ ಮೇಲೆ ಮಧ್ಯಾಹ್ನದ ಬಿಸಿಲು. ಸೂರಿನ ಕೆಳಗಿನ ನೆರಳು ತಿಳಿ ನೀಲಿ, ಅದರೊಳಗೆ ನೆಲದ ಕೆಂಪು ಎರಚಿದಂತೆ ಒಂದು ಬಿಸಿ ಬಣ್ಣ. ಬಿಳಿ ಗೋಡೆಯಲ್ಲಿ ಇಷ್ಟೆಲ್ಲ ಇದೆಯಲ್ಲ! ಕೈ ತನ್ನ ಪಾಡಿಗೆ ಬರೆಯುತ್ತಿತ್ತು, ಕಣ್ಣು ಆ ಕಡೆ ಇತ್ತು. ಕೆಳಗೆ ಜನ ಸೇರಿ ನಗುವುದು ಕೇಳಿಸಿತು. ಬಗ್ಗಿ ನೋಡಿದರೆ ಅಂಗಡಿಯ ಯಜಮಾನರು ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದಾರೆ.

"ಏನ್ರೀ ಪೇಂಟರು ಇದು! ಮರ್ಯಾದಸ್ತ ಜನ ಬರೋ ಜಾಗ ಕಣ್ರೀ!"

"ಬಟ್ಟೆ ಅಂಗಡಿ" ಅನ್ನುವುದರಲ್ಲಿ ನಡುವಿನ ಒಂದು ಅಕ್ಷರ ಹಾರಿಹೋಗಿತ್ತು. "ಬಟ್ಟೆ ಅಂಡಿ" ಅಂತ ಒಂದೊಂದು ಅಡಿ ಎತ್ತರದ ಕೆಂಪು ಅಕ್ಷರದಲ್ಲಿ ಸವಳಂಗದ ನಡುಬೀದಿಗೆ ಕಾಣಿಸುವ ಹಾಗೆ ಬರೆದಿದ್ದೆ. ಒರೆಸಿ, ಕ್ಷಮೆ ಕೇಳಿ, ಮತ್ತೆ ಬರೆದುಕೊಟ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬನೇ ನಕ್ಕು ನಕ್ಕು ಹೊಟ್ಟೆ ನೋವು ಬಂತು. ನಾಚಿಕೆಯ ಜೊತೆಗೇ ಆ ಗೋಡೆಯ ನೆರಳೂ ತಲೆಯಲ್ಲಿತ್ತು. ಮನೆಗೆ ಬಂದವನೇ ಅದನ್ನು ಹಾಳೆಗೆ ಇಳಿಸಿದೆ. ಟೀಚರು ಆ ಚಿತ್ರವನ್ನು ಬಹಳ ಹೊತ್ತು ಹಿಡಿದುಕೊಂಡು, "ಇನ್ನು ಪರೀಕ್ಷೆಗೆ ಕೂತುಬಿಡ್ರಿ ನೀವೂನೂ," ಅಂದರು.

ಪರೀಕ್ಷೆ ದಾವಣಗೆರೆಯಲ್ಲಿ. ಎಂಟು ಹುಡುಗಿಯರು, ಟೀಚರು, ನಾನು ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಎಲ್ಲರ ತೊಡೆಯ ಮೇಲೂ ಡ್ರಾಯಿಂಗ್ ಹಲಗೆ. ಪರೀಕ್ಷೆಯ ಕೋಣೆಯಲ್ಲಿ ನನ್ನ ನಂಬರಿನ ಜಾಗ ಹುಡುಕಿ ಕೂತೆ. ಸುತ್ತಲೂ ಹನ್ನೆರಡು ಹದಿಮೂರರ ಮಕ್ಕಳು. ಮೇಲ್ವಿಚಾರಕರು ಬಂದು ನನ್ನ ಹೆಗಲು ಮುಟ್ಟಿ ಮೆಲ್ಲಗೆ, "ಪೋಷಕರು ಹೊರಗಿರಬೇಕ್ರಿ," ಅಂದರು.

"ನಾನೇ ವಿದ್ಯಾರ್ಥಿ ಸಾರ್."

ಅವರು ಹಾಲ್ ಟಿಕೆಟ್ ನೋಡಿದರು, ಮೀಸೆ ನೋಡಿದರು, ಮತ್ತೆ ಹಾಲ್ ಟಿಕೆಟ್ ನೋಡಿದರು. "ಬರೀರಿ, ಬರೀರಿ," ಅಂತ ಹೇಳಿ ಹೋದವರು ಆ ದಿನವೆಲ್ಲ ಏನೋ ನೆಪ ಮಾಡಿ ನನ್ನ ಹಿಂದೆಯೇ ಸುಳಿದಾಡಿದರು.

ಬಣ್ಣದ ಪರೀಕ್ಷೆಗೆ ಮುಂದೆ ಒಂದು ದಾಸವಾಳದ ಟೊಂಗೆ ಇಟ್ಟಿದ್ದರು. ಒಂದು ಅರಳಿದ ಹೂ, ಎರಡು ಮೊಗ್ಗು, ಐದಾರು ಎಲೆ. ಗೆರೆ ಹಾಕಿಕೊಂಡು, ದಳಗಳಿಗೆ ನೀರು ಸವರಿ, ತಿಳಿ ಕೆಂಪು ಬಿಟ್ಟೆ. ಹೂವಿನ ಗಂಟಲಿಗೆ ಕಡುಗೆಂಪು ಮುಟ್ಟಿಸಲು ಹೋದಾಗ ಬ್ರಶ್ಶಿನಿಂದ ದೊಡ್ಡ ತೊಟ್ಟೊಂದು ಬಿತ್ತು. ಬಿದ್ದದ್ದೇ ಒದ್ದೆ ದಳದ ಮೇಲೆ ಬೇರು ಬಿಡುವ ಹಾಗೆ ಹರಡತೊಡಗಿತು. ಕೈ ತಾನಾಗಿ ಒರೆಸುವ ಬಟ್ಟೆಯ ಕಡೆ ಹೋಯಿತು. ಹಿಡಿದು ನಿಲ್ಲಿಸಿದೆ. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಕೆಂಪು ಹರಿಯಿತು, ದಳದ ಅಂಚಿಗೆ ಒಂದು ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಎದುರಿನ ದಾಸವಾಳ ನೋಡಿದೆ. ಅದರ ದಳದಲ್ಲೂ ನರಗಳು ಹಾಗೇ ಹರಡಿದ್ದವು. ನಾನಾಗಿ ಬರೆದಿದ್ದರೆ ಅಂಥದು ಬರುತ್ತಿರಲಿಲ್ಲ. ಹಿಂದಿನಿಂದ ಮೇಲ್ವಿಚಾರಕರು "ಆಹಾ" ಅಂದದ್ದು ಕೇಳಿಸಿತು. ಪರೀಕ್ಷೆಯಲ್ಲಿ ಹಾಗೆ ಅನ್ನಬಾರದು. ಆದರೂ ಅಂದರು.

ರಿಸಲ್ಟ್ ಬಂತು. ಎಂಟು ಹುಡುಗಿಯರೂ ಪಾಸ್. ನಾನು ಫೇಲ್. ಬಣ್ಣದಲ್ಲಿ ಒಳ್ಳೆಯ ಅಂಕ ಇತ್ತು, ಕೈವಾರ ಹಿಡಿದು ಬರೆಯುವ ಜಾಮೆಟ್ರಿಯಲ್ಲಿ ಮುಗ್ಗರಿಸಿದ್ದೆ. ಅಂಗಡಿಯ ಮುಂದೆ ಹಾದುಹೋಗುವವರೆಲ್ಲ "ಏನ್ ಪೇಂಟ್ರೇ, ಡುಮ್ಕಿಯಂತೆ" ಅಂತ ಕೇಳುವವರೇ. ಎರಡು ಜಡೆಯ ಹುಡುಗಿ ಮಾತ್ರ ಕೈವಾರದ ಡಬ್ಬಿ ಹಿಡಿದು ಅಂಗಡಿಗೇ ಬಂದಳು. "ಮಾಮ, ಷಟ್ಕೋನ ಹಾಕಾಕೆ ಇಷ್ಟು ಒದ್ದಾಡೋದು ಬ್ಯಾಡ. ನೋಡು, ಕೈವಾರ ಹಿಗ್ಗಿಸಬ್ಯಾಡ, ಹಂಗೇ ಸುತ್ತಿಸು." ವೃತ್ತ ಬರೆದ ಅಳತೆಯಲ್ಲೇ ಸುತ್ತಲೂ ಆರು ಹೆಜ್ಜೆ ಇಡಿಸಿದಳು. ಆರನೆಯ ಹೆಜ್ಜೆ ಹೊರಟಲ್ಲಿಗೇ ಬಂದು ಸೇರಿತು. ನನಗೆ ಅದೂ ಒಂದು ಮಾಯೆಯಂತೆ ಕಂಡಿತು. ಮಾರನೆಯ ವರ್ಷ ಪಾಸಾದೆ.

ಅಷ್ಟರಲ್ಲಿ ಟೀಚರಿಗೆ ಜಗಳೂರಿಗೆ ವರ್ಗವಾಗಿತ್ತು. ಎಂಬತ್ತರ ದಶಕ ಶುರುವಾಗಿತ್ತು. ಪಾಸಾದ ಸುದ್ದಿಯನ್ನು ಕಾಗದದಲ್ಲಿ ಬರೆಯಲು ಮನಸ್ಸಾಗಲಿಲ್ಲ. ಸುಗ್ಗಿ ಮುಗಿದ ಒಂದು ಭಾನುವಾರ, ಹಲಗೆ, ಬಣ್ಣದ ಡಬ್ಬಿ, ಹೆಂಡತಿ ಕಟ್ಟಿಕೊಟ್ಟ ರೊಟ್ಟಿಬುತ್ತಿ ಹಿಡಿದು ಹೊರಟೆ. ದಾವಣಗೆರೆಯಲ್ಲಿ ಬಸ್ ಬದಲಿಸಿ ಜಗಳೂರು ಮುಟ್ಟುವಾಗ ಹೊತ್ತು ಏರಿತ್ತು.

ಟೀಚರು ಬಾಗಿಲಲ್ಲೇ ಸುದ್ದಿ ಕೇಳಿ, "ಗೊತ್ತಿತ್ತು ನನಗೆ!" ಅಂತ ಚಪ್ಪಾಳೆ ತಟ್ಟಿದರು. ಊಟ ಮುಗಿದ ಕೂಡಲೇ ನಮ್ಮಿಬ್ಬರ ಹಲಗೆಗಳನ್ನು ಎತ್ತಿಕೊಂಡು ಊರ ಹೊರಗೆ ಕರೆದೊಯ್ದರು. ಜೋಳ ಕೊಯ್ದ ಹೊಲ, ಅಲ್ಲೊಂದು ಇಲ್ಲೊಂದು ಜಾಲಿಗಿಡ, ದೂರದಲ್ಲಿ ಬೋಳು ಗುಡ್ಡ. ಹೊಳೆದಂಡೆಯ ಹಸಿರು ನೋಡಿ ಬೆಳೆದ ನನಗೆ ಹಲಗೆಯನ್ನು ಯಾವ ಕಡೆ ತಿರುಗಿಸಬೇಕೋ ತಿಳಿಯಲಿಲ್ಲ.

"ಇಲ್ಲಿ ಬರೆಯಾಕೆ ಏನೈತ್ರಿ?" ಅಂದೆ.

"ಸುಮ್ನೆ ಕೂರ್ರಿ. ಅರ್ಧ ಗಂಟೆ ಬ್ರಶ್ ಮುಟ್ಟಬ್ಯಾಡ್ರಿ."

ಕೂತೆ. ಮೊದಲು ಎಲ್ಲ ಒಂದೇ ಮಣ್ಣುಬಣ್ಣ ಅನ್ನಿಸಿತು. ಆಮೇಲೆ ಜೋಳದ ಕೂಳೆ ಬೆಲ್ಲದ ಬಣ್ಣ, ಅದರ ನಡುವಿನ ನೆಲ ಸುಟ್ಟ ಮಡಕೆಯ ಬಣ್ಣ, ಗುಡ್ಡದ ಬುಡ ಪಾರಿವಾಳದ ಕತ್ತಿನ ಬಣ್ಣ ಅಂತ ಒಂದೊಂದೇ ಬೇರೆಯಾಗತೊಡಗಿದವು. ಅರ್ಧ ಗಂಟೆ ಆಗುವ ಮೊದಲೇ "ಇನ್ನು ತಡೆಯಾಕೆ ಆಗಲ್ರಿ" ಅಂತ ಬ್ರಶ್ ಎತ್ತಿದೆ. ಬಾಟಲಿಯಲ್ಲಿ ತಂದ ನೀರು ಸ್ವಲ್ಪ. ಬಿಸಿಗಾಳಿಗೆ ಹಾಳೆ ಸವರಿದಷ್ಟೇ ಬೇಗ ಒಣಗುತ್ತಿತ್ತು. ಓಡುವ ಹಾಗೆ ಬರೆಯಬೇಕಾಯಿತು. ನಡುವೆ ಒಂದು ಸುಳಿಗಾಳಿ ಎದ್ದು ಇಬ್ಬರ ಹಾಳೆಯ ಮೇಲೂ ಧೂಳು ಎರಚಿ ಹೋಯಿತು. ನಾನು ಅಯ್ಯೋ ಅಂದೆ. ಟೀಚರು ಕನ್ನಡಕ ಒರೆಸಿಕೊಳ್ಳುತ್ತ, "ಇರ್ಲಿ ಬಿಡ್ರಿ, ಜಗಳೂರು ತಾನೇ ಬಂದು ಕೂತೈತೆ," ಅಂತ ನಕ್ಕರು. ಸಂಜೆಯವರೆಗೆ ಐದು ಹಾಳೆ ಬರೆದೆ. ಮೂರು ಕೆಟ್ಟವು. ಒಂದು ಪರವಾಗಿಲ್ಲ. ಒಂದು ಮಾತ್ರ, ಗುಡ್ಡ ಮತ್ತು ಜಾಲಿಗಿಡದ್ದು, ನಾನೇ ಬರೆದೆನೇ ಅನ್ನುವ ಹಾಗೆ ಬಂದಿತ್ತು.

ವಾಪಸು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ್ದೇ ನೋಡಿದ್ದು. ಜಗಳೂರು ದಾಟಿ ಒಂದು ಕೈಕಂಬದ ಹತ್ತಿರ ಮುದುಕಿಯೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ಸ್ವಲ್ಪ ಹೊತ್ತು ಹಾಳೆಯನ್ನೇ ಇಣುಕಿ ನೋಡಿ, ಗುಡ್ಡದ ಮೇಲೆ ಬೆರಳಿಟ್ಟಳು.

"ತಮ್ಮಾ, ಇದು ನಮ್ಮ ಗುಡ್ಡ ಅಲ್ಲೇನು?"

"ಹೌದಜ್ಜಿ."

"ಈ ಗಿಡದ ಬುಡಕ್ಕೆ ನನ್ನ ಕುರಿ ಇರ್ತಾವು. ಅವನ್ಯಾಕೆ ಬರೀಲಿಲ್ಲ?"

"ನಾನು ನೋಡಿದಾಗ ಇರಲಿಲ್ಲ ಅಜ್ಜಿ."

"ಹೊಟ್ಟೆಪಾಡಿಗೆ ಆಚೆ ಹೋಗಿರ್ತಾವು. ಇರ್ತಾವು ಅಂತ ನಾನು ಹೇಳ್ತೀನಲ್ಲ, ಬರಿ."

ಸುತ್ತಲ ಸೀಟಿನವರು ಬಗ್ಗಿದರು. ಬಣ್ಣದ ಡಬ್ಬಿ ತೆಗೆದೆ. ಬಾಟಲಿಯ ತಳದಲ್ಲಿ ಒಂದು ಗುಟುಕು ನೀರಿತ್ತು. "ಎಷ್ಟಜ್ಜಿ?" ಅಂದೆ. "ಹನ್ನೊಂದು. ಎಲ್ಲಾ ಕರೀವು," ಅಂದಳು. ಬಸ್ಸು ಕುಣಿಯುತ್ತಿತ್ತು. ರಸ್ತೆ ಸ್ವಲ್ಪ ಸಮನಾದಾಗಲೆಲ್ಲ ಉಸಿರು ಹಿಡಿದು ಒಂದೊಂದು ಚುಕ್ಕೆ ಇಟ್ಟೆ. ಅಜ್ಜಿ ಜೋರಾಗಿ ಎಣಿಸಿದಳು. ಹಿಂದಿನ ಸೀಟಿನವರೂ ಜೊತೆಗೂಡಿದರು. ಹನ್ನೊಂದನೆಯದು ಇಟ್ಟು ಬ್ರಶ್ ಎತ್ತುವಷ್ಟರಲ್ಲಿ ಬಸ್ಸು ಗುಂಡಿಗೆ ಇಳಿದು, ಬ್ರಶ್ಶಿನ ತುದಿ ಹಾಳೆಗೆ ತಾಕಿ ಇನ್ನೊಂದು ಪುಟ್ಟ ಚುಕ್ಕೆ ಬಿತ್ತು. ಎಲ್ಲರೂ ಅಯ್ಯಯ್ಯೋ ಅಂದರು.

ಅಜ್ಜಿ ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದಳು. "ಇರ್ಲಿ ಬಿಡಪ್ಪಾ," ಅಂದಳು. "ಒಂದು ಕುರಿ ಇವತ್ತೋ ನಾಳೆಯೋ ಮರಿ ಈಯಾಕೆ ನಿಂತೈತೆ."